ಗಾಳ ಹಾಕುವ ಮುಂಚೆ ನೀರು ಯಾರದೆಂದು ಕೇಳಿ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಮೀನು ಹಿಡಿಯುವ ಪರವಾನಗಿಯದ್ದೇ. ಒಂದೇ ಥರದವನ್ನು ಕೂಡಿಸಿ ಉತ್ತರಿಸಿದ್ದೇವೆ.

ನಮ್ಮೂರ ಕೆರೆ ದಂಡೆಯಲ್ಲಿ ಭಾನುವಾರ ಗಾಳ ಹಾಕಿ ಕೂತಿದ್ದೆ. ಸಂಘದವರು ಅಂತ ಇಬ್ಬರು ಬಂದು ಗಾಳದ ಕೋಲು ಕಿತ್ತುಕೊಂಡು, ‘ಐದು ಸಾವಿರ ಕಟ್ಟು, ಇಲ್ಲಾಂದ್ರೆ ಕಳ್ಳತನದ ಕೇಸು’ ಅಂದರು. ಸರ್ಕಾರಿ ಕೆರೆ ಅಲ್ಲವೇ? ಗಾಳಕ್ಕೂ ಲೈಸೆನ್ಸ್ ಬೇಕೇ?
— ಓದುಗರು, ಹಿರೇಕೆರೂರು

ಕೆರೆ ಸರ್ಕಾರದ್ದೇ ಇರಬಹುದು. ಅದರಲ್ಲಿ ಮೀನು ಹಿಡಿಯುವ ಹಕ್ಕು ಮಾತ್ರ ಬೇರೆಯವರ ಕೈಯಲ್ಲಿರುತ್ತದೆ. ಕಚೇರಿ ಕಾಗದಗಳಲ್ಲಿ ಇದಕ್ಕೆ ‘ಮೀನು ಪಾಶುವಾರು ಹಕ್ಕು’ ಎಂದು ಹೆಸರು. ದೊಡ್ಡ ಕೆರೆಗಳ ಪಾಶುವಾರನ್ನು ಮೀನುಗಾರಿಕೆ ಇಲಾಖೆ, ಸಣ್ಣ ಕೆರೆಗಳದ್ದನ್ನು ಗ್ರಾಮ ಪಂಚಾಯಿತಿ ವಿಲೇವಾರಿ ಮಾಡುತ್ತವೆ. ಮೀನುಗಾರರ ಸಹಕಾರ ಸಂಘಕ್ಕೆ ಗುತ್ತಿಗೆ ಕೊಡುವುದುಂಟು, ಟೆಂಡರ್ ಮತ್ತು ಹರಾಜಿನ ಮೂಲಕ ಖಾಸಗಿಯವರಿಗೂ ಕೊಡುವುದುಂಟು. ಗುತ್ತಿಗೆ ವರ್ಷ ಸಾಮಾನ್ಯವಾಗಿ ಜುಲೈ 1ಕ್ಕೆ ಶುರುವಾಗಿ ಮುಂದಿನ ಜೂನ್ 30ಕ್ಕೆ ಮುಗಿಯುತ್ತದೆ. ಗುತ್ತಿಗೆಯಾದ ಕೆರೆಯಲ್ಲಿ ಗಾಳವಾಗಲಿ, ಬೀಸುಬಲೆಯಾಗಲಿ, ಗುತ್ತಿಗೆದಾರರ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಕೋಲು ಚಿಕ್ಕದು, ಹಿಡಿದದ್ದು ಎರಡೇ ಮೀನು ಎಂಬ ವಾದ ನಡೆಯದು.

ಹಾಗೆಂದು ಸಂಘದವರಿಗೆ ದಂಡ ಹಾಕುವ ಅಧಿಕಾರವೂ ಇಲ್ಲ. ಗುತ್ತಿಗೆದಾರ ಮೀನಿನ ಹಕ್ಕುದಾರನೇ ಹೊರತು ಅಧಿಕಾರಿಯಲ್ಲ. ನಿಮ್ಮನ್ನು ತಡೆಯಬಹುದು, ಇಲಾಖೆಗೋ ಠಾಣೆಗೋ ದೂರು ಕೊಡಬಹುದು. ರಸೀದಿಯಿಲ್ಲದೆ ಕೈಗೆ ತೆಗೆದುಕೊಂಡ ಐದು ಸಾವಿರ ದಂಡವಾಗುವುದಿಲ್ಲ, ಬರೀ ವಸೂಲಿ. ಇಲಾಖೆಯ ಸಿಬ್ಬಂದಿಯೇ ಬಂದು ಬಲೆ ಜಪ್ತಿ ಮಾಡಿದರೆ ಏನೇನು ಜಪ್ತಿಯಾಯಿತು ಎಂದು ಮಹಜರು ಬರೆದು, ಸಾಕ್ಷಿಗಳ ಸಹಿ ಹಾಕಿಸಬೇಕು. ಅದರ ಪ್ರತಿ ಕೇಳಿ ಪಡೆಯಿರಿ. ಸಹಿ ಹಾಕುವ ಮುಂಚೆ ಮೀನಿನ ತೂಕ ಮತ್ತು ಬಲೆಯ ಸಂಖ್ಯೆ ಓದಿ ನೋಡಿ. ಎರಡು ಕೆಜಿ ಇಪ್ಪತ್ತು ಕೆಜಿಯಾಗುವುದು ಅಲ್ಲೇ.

ಕಳ್ಳತನದ ಮಾತು ಸ್ವಲ್ಪ ಸೂಕ್ಷ್ಮ. ಹೊಳೆಯಲ್ಲಿ ಸ್ವಚ್ಛಂದವಾಗಿ ಈಜುವ ಮೀನು ಯಾರ ಸ್ವಾಧೀನದಲ್ಲೂ ಇಲ್ಲ, ಆದ್ದರಿಂದ ಅದನ್ನು ಹಿಡಿಯುವುದು ಕಳವಲ್ಲ. ತೆರೆದ ನೀರಾವರಿ ಕೆರೆಯ ಮೀನಿಗೂ ಮದ್ರಾಸ್ ಹೈಕೋರ್ಟ್ ನೂರು ವರ್ಷಕ್ಕೂ ಹಿಂದೆ ಇದೇ ಮಾತು ಹೇಳಿತ್ತು. ಹೊರಗೆ ಹೋಗದಂತೆ ಕಟ್ಟಿಹಾಕಿದ ಕೊಳದಲ್ಲಿ, ಮರಿ ಬಿಟ್ಟು ಸಾಕಿದ ಮೀನಿನ ಕಥೆ ಬೇರೆ; ಅದು ಸಾಕಿದವನ ಸ್ವತ್ತು. ಅಂಥಲ್ಲಿ ಹಿಡಿದರೆ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ ಆಗಬಹುದು. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲದ ತಪ್ಪಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆಯಷ್ಟೇ. ಸಂಘದವರೂ ಇದನ್ನು ಓದಿಕೊಳ್ಳಲಿ: ಕಟ್ಲಾ, ರೋಹು, ಮೃಗಾಲ್ ಮರಿ ಖರೀದಿಸಿದ ಬಿಲ್ಲು, ಬಿತ್ತನೆ ಮಾಡಿದ ದಿನದ ಫೋಟೊ, ಕೋಡಿಗೆ ಜಾಲರಿ ಕಟ್ಟಿದ ಖರ್ಚಿನ ಚೀಟಿ ಇಲ್ಲದಿದ್ದರೆ ‘ನಮ್ಮ ಮೀನು’ ಎಂದು ರುಜುವಾತು ಮಾಡುವುದು ಕಷ್ಟ. ಕೇಸು ನಿಲ್ಲುವುದೂ ಬೀಳುವುದೂ ಬಹಳ ಸಲ ಆ ಬಿಲ್ಲಿನ ಮೇಲೆ.

ಕಳವು ಅಲ್ಲ ಎಂದಾದರೂ ಪಾರಾದೆವು ಎಂದುಕೊಳ್ಳಬೇಡಿ. ಒಳನಾಡು ಮೀನುಗಾರಿಕೆ ಕಾಯ್ದೆಯಡಿ ಅದು ಅನಧಿಕೃತ ಮೀನುಗಾರಿಕೆಯೇ. ಮುಂದಿನ ಭಾನುವಾರಕ್ಕೆ ಮೊದಲು ಪಂಚಾಯಿತಿಯಲ್ಲಿ ‘ಈ ಕೆರೆಯ ಪಾಶುವಾರು ಯಾರ ಹೆಸರಿಗಿದೆ, ಎಲ್ಲಿಯವರೆಗೆ’ ಎಂದು ಕೇಳಿ. ಅಲ್ಲಿ ಗೊತ್ತಿಲ್ಲ ಎಂದರೆ ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಎಷ್ಟೋ ಕಡೆ ಸಂಘದವರೇ ದಿನಕ್ಕಿಷ್ಟು ಎಂದು ಪಡೆದು ಗಾಳಕ್ಕೆ ಬಿಡುತ್ತಾರೆ. ಕೊಟ್ಟ ದುಡ್ಡಿಗೆ ಚೀಟಿ ಬರೆಸಿಕೊಳ್ಳಿ.

ಜಲಾಶಯದಲ್ಲಿ ಹರಿಗೋಲು ಹಾಕಿ ಮೀನು ಹಿಡಿಯಲು ಪರವಾನಗಿ ಪಡೆಯುವುದು ಹೇಗೆ? ಹಳೇ ಬಲೆಯಲ್ಲೇ ಹಿಡಿಯಬಹುದೇ?
— ಓದುಗರು, ಲಕ್ಕವಳ್ಳಿ

ಕೆರೆಗೆ ಗುತ್ತಿಗೆ ಇದ್ದರೆ ಅನೇಕ ಜಲಾಶಯಗಳಲ್ಲಿ ಪರವಾನಗಿ ಪದ್ಧತಿ ಇದೆ: ಪ್ರತಿಯೊಬ್ಬ ಮೀನುಗಾರನಿಗೂ ಅವನ ಹರಿಗೋಲಿಗೂ ವರ್ಷದ ಲೈಸೆನ್ಸ್. ಅದನ್ನು ಕೊಡುವವರು ಯಾರು ಎಂಬುದು ಜಲಾಶಯಕ್ಕೊಂದು ಬಗೆ. ತುಂಗಭದ್ರಾ ಜಲಾಶಯದ ಮೀನುಗಾರಿಕೆಯನ್ನು ತುಂಗಭದ್ರಾ ಮಂಡಳಿ ನೋಡಿಕೊಳ್ಳುತ್ತದೆ, ಇಲಾಖೆಯ ತಾಲೂಕು ಕಚೇರಿಗೆ ಹೋಗಿ ನಿಂತರೆ ಒಂದು ದಿನದ ಕೂಲಿ ಹಾಳು. ನಿಮ್ಮ ಭದ್ರಾ ಜಲಾಶಯದಲ್ಲಿ ಇನ್ನೊಂದು ತೊಡಕಿದೆ. ಹಿನ್ನೀರಿನ ಒಂದು ಭಾಗ ಭದ್ರಾ ಹುಲಿ ಮೀಸಲು ಪ್ರದೇಶಕ್ಕೆ ತಾಗಿದೆ. ಪರವಾನಗಿ ಇದ್ದರೂ ಅಲ್ಲಿಗೆ ಹರಿಗೋಲು ಬಿಡುವಂತಿಲ್ಲ. ನಿಮ್ಮ ಪರವಾನಗಿ ಎಲ್ಲಿಂದ ಎಲ್ಲಿಯವರೆಗೆ ಎಂದು ಕೊಡುವಾಗಲೇ ಕೇಳಿ, ಗಡಿಯ ಗುರುತನ್ನು ಬೋಟಿನಲ್ಲಿ ಹೋಗಿ ಕಣ್ಣಾರೆ ನೋಡಿಕೊಂಡು ಬನ್ನಿ.

ಅರ್ಜಿಯ ಜೊತೆ ಆಧಾರ್, ವಾಸದ ದಾಖಲೆ, ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಸಂಘದ ಸದಸ್ಯರಾಗಿದ್ದರೆ ಸದಸ್ಯತ್ವದ ಪತ್ರ ಇಟ್ಟುಕೊಂಡಿರಿ. ಅರ್ಜಿಗಳು ವಾಪಸಾಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಇಲ್ಲವೇ ಹಿಂದಿನ ವರ್ಷದ ಪರವಾನಗಿಯ ಬಾಕಿ. ಶುಲ್ಕಕ್ಕೆ ರಸೀದಿ ತೆಗೆದುಕೊಳ್ಳಿ. ಪರವಾನಗಿ ಬರುವ ಮುಂಚೆ ತಪಾಸಣೆಗೆ ಸಿಕ್ಕರೆ ಆ ರಸೀದಿ ತೋರಿಸಿ ಉಪಯೋಗವಿಲ್ಲ ಎಂಬುದೂ ನೆನಪಿರಲಿ. ಹಣ ಕಟ್ಟಿದ್ದು ಅನುಮತಿ ಸಿಕ್ಕಂತಲ್ಲ. ಪರವಾನಗಿ ನಿಮ್ಮ ಹೆಸರಿನದು. ಬಾಮೈದನಿಗೆ ಕೊಟ್ಟು ಕಳಿಸಿದರೆ ಅವನು ಪರವಾನಗಿ ಇಲ್ಲದವನು, ನೀವು ಷರತ್ತು ಮುರಿದವರು.

ಬಲೆಯ ವಿಷಯದಲ್ಲಿ ನೋಡುವುದು ಕಣ್ಣಿನ ಅಳತೆ. ಅಳೆಯುವ ಕ್ರಮ ಗೊತ್ತಿಲ್ಲದೆ ಜಗಳವಾಗುತ್ತದೆ. ಬಲೆಯನ್ನು ಒದ್ದೆ ಮಾಡಿ, ಒಂದು ಕಣ್ಣಿನ ಎದುರುಬದುರು ಗಂಟುಗಳನ್ನು ಎರಡು ಕೈಯ ಬೆರಳಲ್ಲಿ ಹಿಡಿದು ಬಿಗಿಯಾಗಿ ಎಳೆಯಿರಿ. ಗಂಟಿನಿಂದ ಗಂಟಿಗೆ ಎಷ್ಟು ಬಂತೋ ಅದು ಎಳೆದ ಕಣ್ಣಿನ ಅಳತೆ. ಅಂಗಡಿಯವರು ಕೆಲವೊಮ್ಮೆ ಒಂದು ಬದಿಯ ಉದ್ದ ಹೇಳಿ ಮಾರುತ್ತಾರೆ, ಅದು ಇದರ ಅರ್ಧ. ಐದಾರು ಕಡೆ ಅಳೆದು ಪರವಾನಗಿಯಲ್ಲಿ ಬರೆದ ಅಳತೆಗೆ ಹೋಲಿಸಿ. ತೇಪೆ ಹಾಕಿದ ಜಾಗದಲ್ಲಿ ಕಣ್ಣು ಸಣ್ಣದಾಗಿರುತ್ತದೆ, ತಪಾಸಣೆಯವರ ಬೆರಳು ಮೊದಲು ಹೋಗುವುದೂ ಅಲ್ಲಿಗೇ. ಅಲಿವಿ ಬಲೆಯಂತೂ ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ದಂಡೆಯಿಂದ ಎಳೆಯುವ ಆ ಬಲೆಯ ಚೀಲದಲ್ಲಿ ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣು. ಹೋದ ವಾರ ಬಿತ್ತಿದ ಮರಿಯೂ ಅದರಲ್ಲಿ ಬಂದುಬಿಡುತ್ತದೆ.

ನೋಂದಾಯಿತ ಮೀನುಗಾರರಿಗೆ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆ ಇದೆ: ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000 ರೂಪಾಯಿ. ಪರವಾನಗಿಗೆ ಹೋದ ದಿನವೇ ಈ ವಿಮೆಯಲ್ಲಿ ನಿಮ್ಮ ಹೆಸರೂ ಸೇರಿದೆಯೇ ಎಂದು ವಿಚಾರಿಸಿ.

ಜೂನ್–ಜುಲೈ ನಿಷೇಧದಲ್ಲಿ ನಮ್ಮ ಎಂಜಿನ್ ದೋಣಿ ಇಳಿಸಬಹುದೇ? ಸಿಕ್ಕಿಬಿದ್ದರೆ ಏನು?
— ಓದುಗರು, ಗಂಗೊಳ್ಳಿ

ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧ. 12 ನಾಟಿಕಲ್ ಮೈಲಿಯೊಳಗೆ ರಾಜ್ಯದ ಆದೇಶ, ಅದರಾಚೆ ಕೇಂದ್ರದ ಆದೇಶ, ಎರಡಕ್ಕೂ ತಾರೀಕು ಒಂದೇ. ಆಳದಲ್ಲಿದ್ದ ಬೋಟು ಮೇ 31ರ ಮಧ್ಯರಾತ್ರಿಯೊಳಗೆ ಬಂದರಿಗೆ ಸೇರಬೇಕು. ಟ್ರಾಲ್, ಪರ್ಸಿನ್‌ನಂಥ ಯಾಂತ್ರೀಕೃತ ಬೋಟುಗಳು ಪೂರಾ ಬಂದ್. ಸಾಂಪ್ರದಾಯಿಕ ನಾಡದೋಣಿಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ ಕೂರಿಸಿದ ದೋಣಿಗೂ ರಾಜ್ಯದ ಆದೇಶ ವಿನಾಯಿತಿ ಕೊಡುತ್ತಾ ಬಂದಿದೆ. ನಿಮ್ಮದು 10ರೊಳಗಿದ್ದರೆ ಇಳಿಸಬಹುದು, ಹೊರಗಿಳಿಸುವುದು ಕ್ಷೇಮವೋ ಎಂಬುದು ಆ ದಿನದ ಕಡಲು ಹೇಳುವ ಮಾತು. ನೋಂದಣಿ ಪತ್ರದಲ್ಲಿ 9.9 ಎಂದಿದ್ದು ದೋಣಿಯಲ್ಲಿ 25ರ ಎಂಜಿನ್ ಕೂತಿದ್ದರೆ ವಿನಾಯಿತಿ ಇಲ್ಲ. ತಪಾಸಣೆಯಲ್ಲಿ ಮೊದಲು ನೋಡುವುದು ಎಂಜಿನ್ ಮೇಲಿನ ತಗಡು, ಆಮೇಲೆ ಕಾಗದ.

ಉಲ್ಲಂಘನೆಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯ ದಂಡ ಇದೆ. ಕೆಟ್ಟುಹೋಗುವ ಸರಕಾದ್ದರಿಂದ ಹಿಡಿದ ಮೀನನ್ನು ಹರಾಜು ಹಾಕಿ ದುಡ್ಡನ್ನು ಠೇವಣಿ ಇಡುತ್ತಾರೆ. ತೀರ್ಪು ನಿಮ್ಮ ವಿರುದ್ಧವಾದರೆ ಅದೂ ಹೋಯಿತು. ಬೋಟಿನವರಿಗೆ ಅದಕ್ಕಿಂತ ಉರಿಯುವುದು ಡೀಸೆಲ್ ಶಿಕ್ಷೆ: ನಿಷೇಧ ಮುರಿದ ಬೋಟಿಗೆ ಒಂದು ವರ್ಷ ಕರರಹಿತ ಡೀಸೆಲ್ ಇಲ್ಲ. ಒಂದು ರಾತ್ರಿಯ ಸಿಗಡಿಗಾಗಿ ವರ್ಷದ ಡೀಸೆಲ್ ರಿಯಾಯಿತಿ ಕಳೆದುಕೊಂಡವನ ಲೆಕ್ಕ ಯಾವ ದರದಲ್ಲೂ ತಾಳೆಯಾಗುವುದಿಲ್ಲ.

ಆಗಸ್ಟ್ 1 ಬಂದರೆ ಎಲ್ಲ ಮುಕ್ತ ಎಂದೂ ಅಲ್ಲ. ಕೃತಕ ಬೆಳಕು ಹಾಕಿ ಹಿಡಿಯುವ ಲೈಟ್ ಫಿಶಿಂಗ್ ಮತ್ತು ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ವರ್ಷವಿಡೀ ನಿಷಿದ್ಧ. ಕೇಂದ್ರ 2017ರ ನವೆಂಬರ್‌ನಲ್ಲೇ ಆದೇಶ ಹೊರಡಿಸಿದೆ. ಗೋವಾ, ಕೇರಳದ 12 ಮೈಲಿಯೊಳಗೆ ಹೋದರೆ ಅವರ ಕಾಯ್ದೆ, ಅವರ ದಂಡ. ಜಿಪಿಎಸ್‌ನಲ್ಲಿ ರಾಜ್ಯದ ಗಡಿರೇಖೆ ಹಾಕಿಸಿಕೊಳ್ಳಿ. ‘ಗಾಳಿ ತಳ್ಳಿಕೊಂಡು ಹೋಯಿತು’ ಎಂದರೆ ಬಲೆ ನೀರಲ್ಲಿರುವಾಗ ಯಾರೂ ನಂಬುವುದಿಲ್ಲ.

ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನನ್ನು ಕೂಣಿ (ಬಿದಿರಿನ ಮೀನುಬೋನು) ಇಟ್ಟು ಹಿಡಿಯುವುದು ಅಜ್ಜನ ಕಾಲದ ರೂಢಿ. ಈಗ ಅದೂ ಅಪರಾಧವೇ?
— ಓದುಗರು, ತೀರ್ಥಹಳ್ಳಿ

ಹತ್ತುಮೀನು ಗದ್ದೆಗೆ ಬರುವುದು ಮೊಟ್ಟೆ ಇಡಲು. ಹೊಟ್ಟೆ ಉಬ್ಬಿದ ಒಂದು ಹೆಣ್ಣುಮೀನಿನ ಜೊತೆ ಅದರ ಸಾವಿರಾರು ಮೊಟ್ಟೆಯೂ ಸಾರಿಗೆ ಹೋಗುತ್ತದೆ. ಆದ್ದರಿಂದಲೇ ಮಳೆ ಹಿಡಿಯುವ ಹೊತ್ತಿಗೆ ಜಿಲ್ಲಾಡಳಿತ ಹತ್ತುಮೀನು ಹಿಡಿಯದಂತೆ ಆದೇಶ ಹೊರಡಿಸುವುದುಂಟು. ಆ ಅವಧಿಯಲ್ಲಿ ರೂಢಿಯ ವಾದ ನಡೆಯದು. ತಾರೀಕು ವರ್ಷ ವರ್ಷಕ್ಕೆ ಬದಲಾಗಬಹುದು, ಪಂಚಾಯಿತಿ ಫಲಕ ನೋಡಿ.

ತೀರಾ ಕೆಟ್ಟದ್ದು ಕೂಣಿಯಲ್ಲ, ಅದನ್ನು ಇಡುವ ಬಗೆ. ಹಳ್ಳಕ್ಕೆ ಈ ದಡದಿಂದ ಆ ದಡಕ್ಕೆ ಕಲ್ಲು–ಸೊಪ್ಪಿನ ಅಡ್ಡಗಟ್ಟೆ ಹಾಕಿ ಒಂದೇ ಬಾಯಿ ಬಿಟ್ಟು ಅಲ್ಲಿ ಕೂಣಿ ಕೂರಿಸಿದರೆ ಮೇಲೆ ಒಂದು ಮೀನೂ ದಾಟದು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಇಂಥ ಅಡ್ಡಗಟ್ಟೆಗಳನ್ನೂ ಕದಲದಂತೆ ಕಟ್ಟಿದ ಬಲೆ–ಬೋನುಗಳನ್ನೂ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು.

ತೋಟೆ ಸಿಡಿಸಿ, ಬ್ಲೀಚಿಂಗ್ ಪೌಡರ್ ಸುರಿದು ಮೀನು ಹಿಡಿಯುವವರಿಗೆ ಇನ್ನೂರು ರೂಪಾಯಿ ದಂಡ ಅಷ್ಟೇ ಅಂತಾರೆ. ನಿಜವೇ?
— ಓದುಗರು, ಬೆಳ್ತಂಗಡಿ

ಇನ್ನೂರು ರೂಪಾಯಿ ಎಂಬುದು ಆ 1897ರ ಕಾಯ್ದೆಯ ಮಾತು: ಸಿಡಿಮದ್ದಿಗೂ ವಿಷಕ್ಕೂ ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿವರೆಗೆ ದಂಡ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಈಗ ತೋಟೆ ಹಿಡಿದು ಹೊಳೆಗೆ ಇಳಿದವನನ್ನು ಕಾಯುತ್ತಿರುವುದು ಬೇರೆ ಕಾಯ್ದೆ. ಜಿಲೆಟಿನ್ ಕಡ್ಡಿ, ಡಿಟೊನೇಟರ್ ಅನುಮಾನ ಬರುವಂತೆ ಕೈಯಲ್ಲಿದ್ದರೂ ಸಾಕು, 1908ರ ಸ್ಫೋಟಕ ವಸ್ತುಗಳ ಕಾಯ್ದೆಯ 5ನೇ ಕಲಂ ಪ್ರಕಾರ ಹತ್ತು ವರ್ಷದವರೆಗೆ ಸೆರೆ. ಪ್ರಾಣಕ್ಕೆ ಅಪಾಯವಾಗುವಂತೆ ಸಿಡಿಸಿದರೆ 3ನೇ ಕಲಂ, ಅದು ಜೀವಾವಧಿಯವರೆಗೂ ಹೋಗುತ್ತದೆ. ಕಲ್ಲುಕ್ವಾರಿಯಿಂದ ಕಡ್ಡಿ ಕೊಟ್ಟವನೂ ಒಳಗೇ.

ವಿಷಕ್ಕೆ 1974ರ ಜಲಮಾಲಿನ್ಯ ತಡೆ ಕಾಯ್ದೆಯ 24ನೇ ಕಲಮೂ ಸೇರುತ್ತದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಉಸಿರಾಡಲಾಗದೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಕೈಗೆ ಸಿಗುವುದು ತೇಲಿದ್ದು ಮಾತ್ರ. ಮರಿ, ಏಡಿ, ಸಿಗಡಿ, ಮೀನಿನ ಆಹಾರವಾದ ಹುಳುಹುಪ್ಪಟೆ ಎಲ್ಲ ತಳದಲ್ಲೇ ಸಾಯುತ್ತವೆ. ನಿಮ್ಮ ತಾಲೂಕಿನ ಶಿಶಿಲದ ಕಪಿಲೆಯಲ್ಲಿ 1996ರಲ್ಲಿ ವಿಷಕ್ಕೆ ದೇವರ ಮೀನುಗಳು ರಾಶಿ ರಾಶಿ ಸತ್ತದ್ದು ಹಿರಿಯರಿಗೆ ನೆನಪಿದೆ. ಕಂಡರೆ 112ಕ್ಕೆ ಕರೆ ಮಾಡಿ. ತೇಲಿದ ಮೀನನ್ನು ತಿನ್ನಬೇಡಿ, ದನಗಳನ್ನು ಆ ನೀರಿಗೆ ಬಿಡಬೇಡಿ. ಆಗಲೇ ಸ್ವಚ್ಛ ಬಾಟಲಿಯಲ್ಲಿ ನೀರು ತುಂಬಿ ಮುಚ್ಚಿ, ಸಮಯ ಬರೆದಿಡಿ. ಕ್ಲೋರಿನ್ ಬೇಗ ಹಾರಿಹೋಗುತ್ತದೆ, ಮರುದಿನ ತೆಗೆದ ನೀರಿನಲ್ಲಿ ಏನೂ ಸಿಗದು.

ಕಾವೇರಿಯಲ್ಲಿ ಮಹಶೀರ್ ಹಿಡಿದು ವಾಪಸ್ ಬಿಡುತ್ತೇವೆ ಅಂದರೆ ಅನುಮತಿ ಸಿಗುತ್ತದೆಯೇ?
— ಓದುಗರು, ಬೆಂಗಳೂರು

ಭೀಮೇಶ್ವರಿ, ಗಾಲಿಬೋರೆ ಕಡೆಗಾದರೆ ಇಲ್ಲ. ಅದು ಕಾವೇರಿ ವನ್ಯಜೀವಿಧಾಮ, ಅಲ್ಲಿನ ಗಾಳದ ಶಿಬಿರಗಳು ಮುಚ್ಚಿ ದಶಕದ ಮೇಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಧಾಮದೊಳಗಿನ ಯಾವ ಜೀವಿಯನ್ನೂ ನಾಶಮಾಡುವುದನ್ನೂ ಹೊರಗೊಯ್ಯುವುದನ್ನೂ ತಡೆಯುತ್ತದೆ. ಒಳಗೆ ಕಾಲಿಡುವುದಕ್ಕೇ ಅನುಮತಿ ಬೇಕು. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ತಂದ ಕಾರು, ದೋಣಿ, ಗಾಳ ಜಪ್ತಿಯಾದರೆ ಸರ್ಕಾರದ ಸ್ವತ್ತಾಗಬಹುದು. ಗಾಳಕ್ಕಿಂತ ಕಾರು ದುಬಾರಿ ಎಂಬುದನ್ನು ವಾರಾಂತ್ಯದ ಗುಂಪುಗಳು ಮರೆಯುತ್ತವೆ.

ಕಾವೇರಿಯ ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಮಹಶೀರ್ ಈ ನದಿ ವ್ಯವಸ್ಥೆ ಬಿಟ್ಟು ಬೇರೆಲ್ಲೂ ಇಲ್ಲ. 2018ರಿಂದ ಅದು ಜಾಗತಿಕ ಕೆಂಪುಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿ. ಶೃಂಗೇರಿ, ರಾಮನಾಥಪುರದಂಥ ದೇವಸ್ಥಾನದ ಮತ್ಸ್ಯಧಾಮಗಳಲ್ಲೂ ಗಾಳದ ಮಾತೆತ್ತಬೇಡಿ. ಧಾಮದ ಹೊರಗೆ, ಅನುಮತಿ ಇರುವ ಕಡೆ ಹಿಡಿದು ಬಿಡುವುದಾದರೆ ಮುಳ್ಳಿಲ್ಲದ ಒಂಟಿ ಕೊಕ್ಕೆ, ಒದ್ದೆ ಕೈ, ಮೀನು ನೀರಿನಲ್ಲಿರುವಾಗಲೇ ಕೊಕ್ಕೆ ತೆಗೆಯುವುದು. ಒಣಕೈ ತಾಗಿದಲ್ಲಿ ಲೋಳೆಪದರ ಕಿತ್ತುಬಂದು ಬೂಷ್ಟು ಹಿಡಿಯುತ್ತದೆ, ಬಿಟ್ಟ ಮೀನು ನಿಮ್ಮ ಕಣ್ಣಿಗೆ ಕಾಣದಲ್ಲಿ ಸಾಯುತ್ತದೆ.

ಅಪ್ಪ ಮೈಸೂರಿನಿಂದ ಮೂರು ತಿಂಗಳಿಗೆ ಬಂದಿದ್ದಾರೆ. ವಿಸಿಟರ್ ವೀಸಾದಲ್ಲಿರುವವರು ಇಲ್ಲಿ ಗಾಳ ಹಾಕಬಹುದೇ?
— ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ 16 ತುಂಬಿದ ಎಲ್ಲರಿಗೂ ಲೈಸೆನ್ಸ್ ಬೇಕು, ವಯಸ್ಸಾದ ನೆಂಟರಿಗೂ. ನಿಮ್ಮದು ವರ್ಷದ ಲೈಸೆನ್ಸ್ ಆದರೆ 2023ರಿಂದ ಅದು ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಅಪ್ಪನಿಗೆ ಒಂದು ದಿನದ್ದೋ ಎರಡು ದಿನದ್ದೋ ಸಾಕು. ಪಾಸ್‌ಪೋರ್ಟ್ ಇಟ್ಟುಕೊಂಡು ಹೋಗಿ. ನಿಮ್ಮ ಲೈಸೆನ್ಸಿನ ಮೇಲೆ ಅವರು ಗಾಳ ಹಿಡಿಯುವಂತಿಲ್ಲ. ‘ಇನ್ನೂ ಒಂದೂ ಸಿಕ್ಕಿಲ್ಲ’ ಎಂಬುದು ಅಲ್ಲಿನ ಕಾನೂನಿಗೆ ಉತ್ತರವಲ್ಲ, ಹಿಡಿಯುವ ಪ್ರಯತ್ನವೂ ಹಿಡಿದಂತೆಯೇ.

ದುಡ್ಡು ಉಳಿಸುವ ದಾರಿ ಒಂದಿದೆ: ಸಮುದ್ರದ ಸಾರ್ವಜನಿಕ ಪಿಯರ್ (ನೀರಿನೊಳಕ್ಕೆ ಚಾಚಿದ ಕಟ್ಟೆ) ಮೇಲಿನಿಂದ ಹಾಕಿದರೆ ಲೈಸೆನ್ಸ್ ಬೇಡ. ಒಬ್ಬರಿಗೆ ಎರಡೇ ಕೋಲು. ಪಿಯರ್‌ನಿಂದ ಇಳಿದು ಪಕ್ಕದ ಮರಳಿಗೆ ನಿಂತ ಕ್ಷಣ ವಿನಾಯಿತಿ ಮುಗಿಯಿತು, ದಂಡ ತೆರುವವರಲ್ಲಿ ಇಂಥವರು ಬಹಳ. ಲೈಸೆನ್ಸಿಗೆ ವಿನಾಯಿತಿ ಇದ್ದರೂ ಅಳತೆಗೆ ಇಲ್ಲ. ಕ್ಯಾಲಿಫೋರ್ನಿಯಾ ಹ್ಯಾಲಿಬಟ್ 22 ಅಂಗುಲಕ್ಕಿಂತ ಚಿಕ್ಕದಿದ್ದರೆ ನೀರಿಗೆ ವಾಪಸ್. ಪಾರ್ಕಿನ ಕೆರೆಗಳಲ್ಲಿ ರಾಜ್ಯದ ಲೈಸೆನ್ಸ್ ಜೊತೆಗೆ ಪಾರ್ಕಿನವರ ದಿನದ ಪರ್ಮಿಟ್ಟನ್ನೂ ಅನೇಕ ಕಡೆ ಕೇಳುತ್ತಾರೆ. ಹಿರೇಕೆರೂರಿನ ಕೆರೆಯ ಪಾಶುವಾರಿನ ಥರದ್ದೇ ಲೆಕ್ಕ.

ಲೈಸೆನ್ಸ್ ಇಲ್ಲದೆ ಸಿಕ್ಕರೆ ಮೊದಲ ಸಲಕ್ಕೆ 100ರಿಂದ 1,000 ಡಾಲರ್ ದಂಡ, ಮೇಲೆ ಕೋರ್ಟಿನ ಖರ್ಚು. ಐದು ವರ್ಷದೊಳಗೆ ಮತ್ತೆ ಸಿಕ್ಕರೆ ಕನಿಷ್ಠ 250. ಲೈಸೆನ್ಸ್ ಇದ್ದು ಮನೆಯಲ್ಲಿ ಮರೆತಿದ್ದರೆ ಅದನ್ನು ಕೋರ್ಟಿಗೆ ತೋರಿಸಿ ದಂಡ 25 ಡಾಲರಿಗೆ ಇಳಿಸಿಕೊಳ್ಳಬಹುದು. ಅದು ಸಿಕ್ಕಿಬಿದ್ದ ಹೊತ್ತಿಗೆ ಚಾಲ್ತಿಯಲ್ಲಿರಬೇಕು, ತಪಾಸಣೆಯ ವಾರ್ಡನ್ ಬಂದ ಮೇಲೆ ಫೋನಿನಲ್ಲಿ ಕೊಂಡದ್ದು ಲೆಕ್ಕಕ್ಕಿಲ್ಲ.

ನನ್ನ ಕೃಷಿ ಹೊಂಡದ ಮೀನು ಹಿಡಿಯಲು ನನಗೇ ಪರವಾನಗಿ ಬೇಕೇ?
— ಓದುಗರು, ಶಿರಾ

ನಿಮ್ಮ ಹೊಂಡ, ನೀವು ಬಿಟ್ಟ ಮರಿ. ಮೀನು ಹಿಡಿಯುವ ಪರವಾನಗಿ ಬೇಡ. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಸಾಕಬೇಡಿ, ಅದಕ್ಕೆ ನಿಷೇಧವಿದೆ. ಮರಿ ಮಾರುವವನು ‘ಬೇಗ ಬೆಳೆಯುವ ಮೀನು’ ಎಂದರೆ ಮೀಸೆ ನೋಡಿ: ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ, ಅಗಲ ಚಪ್ಪಟೆ ತಲೆ, ಮೈಮೇಲೆ ಹುರುಪೆ ಇಲ್ಲ. ನಮ್ಮ ನಾಡಿನ ಮುರುಗೋಡಿಗೂ ಇದೇ ಲಕ್ಷಣಗಳಿರುವುದರಿಂದ ಮರಿಯಲ್ಲಿ ಗುರುತು ಹಿಡಿಯುವುದು ಕಷ್ಟ. ಇಲಾಖೆಯ ಮೀನುಮರಿ ಕೇಂದ್ರದಿಂದ ಬಿಲ್ಲು ಸಮೇತ ತರುವುದೇ ಸಲೀಸು.